ದೊಡ್ಡವರ ಮನೆಯ ಕುಂಕುಮ

ನಮ್ಮ ಮನೆಯಲ್ಲಿ ಮಾತಿಗಿಂತ ಮೊದಲು ಕೈ ಬರುತ್ತಿತ್ತು. ಅಪ್ಪ ಎತ್ತಿಗೂ ಹೊಡೆಯುತ್ತಿದ್ದ, ಅವ್ವನಿಗೂ ಹೊಡೆಯುತ್ತಿದ್ದ. ಎತ್ತಿಗೆ ಹೊಡೆದ ದಿನ ಸಂಜೆ ಅದರ ಮೈಗೆ ಎಣ್ಣೆ ಸವರುತ್ತಿದ್ದ. ಅವ್ವನಿಗೆ ಆ ಉಪಚಾರವೂ ಇರಲಿಲ್ಲ. ಅವ್ವ ತನಗೆ ಬಿದ್ದದ್ದನ್ನು ಬಡ್ಡಿ ಸಮೇತ ನಮಗೆ ದಾಟಿಸುತ್ತಿದ್ದಳು. ಹೊಳೆನರಸೀಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಇದೇನು ದೊಡ್ಡ ಸುದ್ದಿಯಲ್ಲ. ಯಾವುದಾದರೂ ಮನೆಯಿಂದ ಕಿರುಚಾಟ ಕೇಳಲಿಲ್ಲವೆಂದರೆ ಆ ಮನೆಯವರು ಊರಲ್ಲಿಲ್ಲ ಎಂದೇ ತಿಳಿಯುತ್ತಿದ್ದರು. ನಾನೂ ಅದೇ ಹೊಟ್ಟೆಯಲ್ಲಿ ಹುಟ್ಟಿದವಳು. ಹಾಸನದಲ್ಲಿ ಮೇಷ್ಟ್ರ ಟ್ರೈನಿಂಗಿಗೆ ಸೇರಿದ್ದಾಗ ನನ್ನ ಜಡೆ ಎಳೆದವಳ ಕೈ ಕಚ್ಚಿ, ಹಾಸ್ಟೆಲಿನ ವಾರ್ಡನ್ ಮುಂದೆ ನಿಂತು, ಮತ್ತೆ ಎಳೆದರೆ ಮತ್ತೆ ಕಚ್ಚುತ್ತೇನೆ ಎಂದು ಹೇಳಿ ಬಂದಿದ್ದೆ.

ಅಕ್ಕ ಮಾತ್ರ ನಮ್ಮ ಮನೆಯವಳಲ್ಲವೇನೋ ಎನ್ನುವ ಹಾಗಿದ್ದಳು. ಕರು ಕಾಲು ತುಳಿದರೂ ಅದನ್ನೇ ಸಮಾಧಾನ ಮಾಡುತ್ತಿದ್ದಳು. ಅವಳನ್ನು ಅರಕಲಗೂಡಿನ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಹೊಲ ಗದ್ದೆ ಇದ್ದ ಮನೆ. ಭಾವ ನೋಡಲು ಲಕ್ಷಣವಾಗಿದ್ದ, ನಾಲ್ಕು ಜನರ ಮುಂದೆ ಬಾಯಿ ತುಂಬ ಮಾತಾಡುತ್ತಿದ್ದ. ಮನೆಯೊಳಗೆ ರಾಕ್ಷಸ. ಮುದ್ದೆಯಲ್ಲಿ ಗಂಟು ಸಿಕ್ಕಿತು ಅಂತ ಮುದ್ದೆ ತಿರುವುವ ಕೋಲಿನಲ್ಲೇ ಹೊಡೆದು ಅವಳ ಬಲಗೈ ಮುರಿದ. ಆ ಮುರಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳು ತವರಿಗೆ ಬಂದಾಗ ಮುಂದಿನ ಹಲ್ಲುಗಳಲ್ಲಿ ಒಂದು ಹೋಗಿತ್ತು. ನಾನು ರಜಕ್ಕೆ ಬಂದು ನೋಡಿದಾಗ ಕೈಗೆ ಬಿದಿರಿನ ದಬ್ಬೆ ಕಟ್ಟಿದ್ದರು. ಹಲ್ಲು ಏನಾಯಿತು ಎಂದರೆ, ‘ಬಿದ್ದೋಯ್ತು’ ಎಂದಳು, ಹಣ್ಣೆಲೆ ಉದುರಿದಷ್ಟು ಸಲೀಸಾಗಿ.

ಕೈ ಕೂಡಿದ ಮೇಲೆ ಭಾವ ತನ್ನ ಕಡೆಯ ಹಿರಿಯರನ್ನು ಕರೆದುಕೊಂಡು ಬಂದ. ನಮ್ಮ ಜಗಲಿಯ ಮೇಲೆ ಪಂಚಾಯಿತಿ ಕೂತಿತು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಒಬ್ಬ ಹಿರಿಯ ಹೇಳಿದ. ಎಲ್ಲರೂ ತಲೆಯಾಡಿಸಿದರು. ಉಣ್ಣುವುದಕ್ಕೆ ಕೂತಾಗಲೇ ಕೈ ಮುರಿದರೆ ಉಣ್ಣುವುದು ಯಾವ ಕೈಯಲ್ಲಿ ಎಂದು ನಾನು ಬಾಗಿಲ ಹಿಂದಿನಿಂದ ಕೂಗಿದೆ. ಅಪ್ಪ ಎದ್ದು ಬಂದು ನನ್ನ ಕಪಾಳಕ್ಕೆ ಒಂದು ಬಿಟ್ಟು, ಮತ್ತೆ ಹೋಗಿ ಕೂತ. ನ್ಯಾಯ ಮುಂದುವರಿಯಿತು.

ತೀರ್ಮಾನವೇನೆಂದರೆ, ಅಕ್ಕ ವಾಪಸು ಹೋಗಬೇಕು. ಭಾವ ದೊಡ್ಡ ಮನಸ್ಸಿನವನ ಹಾಗೆ, ‘ಒಂದ್ಸಲ ಬೆಂಗ್ಳೂರು ತೋರುಸ್ಕೊಂಡು ಅಂಗೇ ಕರ್ಕೊಂಡೋಯ್ತೀನಿ ಮಾವ, ಅವ್ಳಿಗೂ ಮನ್ಸು ತಿಳಿಯಾಯ್ತದೆ’ ಎಂದ. ಹಿರಿಯರು ಅಳಿಯ ಎಂದರೆ ಹೀಗಿರಬೇಕು ಎಂದು ಎಲೆ ಅಡಿಕೆ ಹಾಕಿಕೊಂಡರು. ಅಪ್ಪನಿಗೆ ಎಲ್ಲೋ ಅಳುಕಿರಬೇಕು, ನಾವೂ ಬರುತ್ತೇವೆ ಎಂದ. ಹೀಗೆ ಅಪ್ಪ, ಅವ್ವ, ಅಕ್ಕ, ಭಾವ, ನಾನು ಐದು ಜನ ಹೊರಟೆವು. ಬೆಂಗಳೂರಿನಿಂದ ಬರುವಾಗ ಅಕ್ಕ ಭಾವನ ಜೊತೆ ಅರಕಲಗೂಡಿನ ಬಸ್ಸು ಹತ್ತುವುದು, ನಾವು ನಮ್ಮ ಊರಿನ ಬಸ್ಸು ಹತ್ತುವುದು. ಹೊರಡುವ ಮುನ್ನ ಹಿತ್ತಿಲಲ್ಲಿ ಅಕ್ಕ ನನ್ನ ಹತ್ತಿರ ಒಂದೇ ಮಾತು ಹೇಳಿದಳು. ‘ಈ ಸಲ ಓದ್ರೆ ನಾನು ತಿರುಗಿ ಬರಾಕಿಲ್ಲ ಕಣೇ. ಅವ್ನು ಕೊಂದಾಕ್ತಾನೆ.’ ನಾನು ಇದನ್ನು ಅವ್ವನಿಗೆ ಹೇಳಿದೆ. ಅವ್ವ, ‘ಹೆಣ್ಣು ಜಲ್ಮ ಅಂದ್ರೆ ಅಂಗೇಯ’ ಎಂದು ಹೇಳಿ, ಕಣ್ಣೊರೆಸಿಕೊಂಡು, ದಾರಿಗೆ ರೊಟ್ಟಿ ತಟ್ಟಲು ಕೂತಳು.

ಚನ್ನರಾಯಪಟ್ಟಣದಲ್ಲಿ ಬೆಂಗಳೂರಿನ ಬಸ್ಸಿಗೆ ಕಾಯುವಾಗ ಹೋಟೆಲಿಗೆ ಹೋದೆವು. ಮಾಣಿ ತಂದಿಟ್ಟ ಕಾಫಿಯನ್ನು ಅಕ್ಕ ಭಾವನಿಗಿಂತ ಮೊದಲು ಕುಡಿದಳು. ಅವಳಿಗೆ ಬಸ್ಸಿನಲ್ಲಿ ವಾಂತಿಯಾಗಿತ್ತು, ಗಂಟಲು ಒಣಗಿತ್ತು. ಭಾವ ನಗುನಗುತ್ತಲೇ ಅಪ್ಪನ ಹತ್ತಿರ ಆಲೂಗಡ್ಡೆ ಬೆಳೆಯ ಮಾತಾಡುತ್ತಿದ್ದ. ಅಕ್ಕನ ಮುಖ ಬಿಳಿಚಿಕೊಳ್ಳುತ್ತಿದ್ದುದನ್ನು ಕಂಡು ಮೇಜಿನ ಕೆಳಗೆ ಬಗ್ಗಿ ನೋಡಿದೆ. ಆಗತಾನೆ ಕೂಡಿದ ಆ ಕೈಯನ್ನು ಹಿಡಿದು ತಿರುಚುತ್ತಿದ್ದ. ನಾನು ನನ್ನ ಬಿಸಿ ಕಾಫಿಯನ್ನು ಅವನ ತೊಡೆಯ ಮೇಲೆ ಚೆಲ್ಲಿದೆ. ‘ಅಯ್ಯೋ ಕೈ ಜಾರ್ತು ಭಾವ’ ಎಂದೆ. ಅವನು ನೆಗೆದು ನಿಂತ. ಜನರಿದ್ದರು, ಏನೂ ಮಾಡುವ ಹಾಗಿರಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ರುಚಿಯಾದ ಕಾಫಿಯನ್ನು ನಾನು ಕುಡಿದೇ ಇಲ್ಲ.

ಬೆಂಗಳೂರಿನಲ್ಲಿ ಲಾಲ್‌ಬಾಗು, ವಿಧಾನಸೌಧ ಎಲ್ಲ ಆಯಿತು. ಭಾವನಿಗೆ ಅವೆಲ್ಲ ಬೇಕಿರಲಿಲ್ಲ. ಅವನು ಹಿಂದೊಮ್ಮೆ ಒಂದು ಹಳೆಯ ಬಂಗಲೆ ನೋಡಿದ್ದನಂತೆ. ರಾಜರ ಕಾಲದಲ್ಲಿ ದೊಡ್ಡ ಸೇನಾಧಿಕಾರಿಯಾಗಿದ್ದ ಒಬ್ಬರ ಮನೆ, ಈಗ ಜನ ಟಿಕೆಟ್ ಕೊಂಡು ಒಳಗೆ ಹೋಗಿ ನೋಡಬಹುದು. ಅವರ ಕತ್ತಿ, ಬಂದೂಕು, ಹೊಡೆದ ಹುಲಿ, ಊಟ ಮಾಡಿದ ತಟ್ಟೆ, ಮಲಗಿದ ಮಂಚ ಎಲ್ಲ ಹೇಗಿತ್ತೋ ಹಾಗೇ ಇಟ್ಟಿದ್ದಾರೆ ಎಂದು ದಾರಿಯುದ್ದಕ್ಕೂ ಹೇಳಿದ. ಸತ್ತವರ ಮಂಚ ನೋಡಲು ಟಿಕೆಟ್ಟೇ ಎಂದು ಅಪ್ಪ ಬೆರಗಾದ.

ಅವ್ವ ಮಾತ್ರ ಗಂಭೀರವಾಗಿ ತಯಾರಾದಳು. ದೊಡ್ಡವರ ಮನೆಗೆ ಬರಿಗೈಯಲ್ಲಿ ಹೋಗಬಾರದು. ಮಾರುಕಟ್ಟೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ಕೊಂಡಳು. ಬಂಗಲೆಯ ಗೇಟಿನ ಪಕ್ಕದ ನಲ್ಲಿಯಲ್ಲಿ ಕಾಲು ತೊಳೆದುಕೊಂಡಳು, ನಮಗೂ ತೊಳೆಸಿದಳು. ಒಳಗೆ ಕಾಲಿಟ್ಟವಳೇ ಖಾಕಿ ಕೋಟಿನ ವಯಸ್ಸಾದ ನೌಕರನನ್ನು, ‘ಅಮ್ಮಾವ್ರು ಅವ್ರಾ ಸಾ?’ ಎಂದು ಕೇಳಿದಳು. ಬಂದವರಿಗೆ ಮನೆ ತೋರಿಸಿ ವಿವರ ಹೇಳುವುದು ಅವನ ಕೆಲಸ.

‘ಯಾವ ಅಮ್ಮಾವ್ರಮ್ಮ? ಇಲ್ಲಿ ಯಾರೂ ಇಲ್ಲ. ಇದು ಮ್ಯೂಸಿಯಂ.’

‘ಇಷ್ಟು ದೊಡ್ಡ ಮನೆ ಕಟ್ಕೊಂಡು ಯಾರೂ ಇಲ್ವಾ?’

ಅವನು ನಕ್ಕು, ಗೋಡೆಯ ಮೇಲಿನ ಒಂದು ದೊಡ್ಡ ಪಟ ತೋರಿಸಿದ. ಜರಿ ಸೀರೆ, ಮೂಗುತಿ, ಹಣೆ ತುಂಬ ಕುಂಕುಮ. ಆ ಹೆಂಗಸಿನ ಕಣ್ಣು ಎಲ್ಲಿಯೂ ನೋಡುತ್ತಿರಲಿಲ್ಲ. ‘ಅವರೇ ಅಮ್ಮನವರು. ಮುತ್ತೈದೆಯಾಗೇ ಹೋದವರು. ಯಜಮಾನರು ಆಮೇಲೂ ಬಹಳ ಕಾಲ ಬದುಕಿದ್ದರು. ಪುಣ್ಯವಂತೆ’ ಎಂದ.

ಅವ್ವನ ಮುಖ ಅರಳಿತು. ನಮ್ಮ ಕಡೆ ಹೆಣ್ಣಿಗೆ ಇದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಗಂಡನಿಗಿಂತ ಮೊದಲು, ಹಣೆಯಲ್ಲಿ ಕುಂಕುಮ, ಕೈಯಲ್ಲಿ ಬಳೆ ಇರುವಾಗಲೇ ಸಾಯಬೇಕು. ಅಂಥವಳ ಕುಂಕುಮವನ್ನು ಇಟ್ಟುಕೊಂಡವರಿಗೂ ಅದೇ ಭಾಗ್ಯ ಬರುತ್ತದೆ ಎಂದು ಹೆಂಗಸರು ಹಾತೊರೆಯುತ್ತಾರೆ. ಗಂಡನ ಮನೆಗೆ ಹೋಗುವ ಮಗಳ ಹಣೆಗೆ ಅಂಥ ಕುಂಕುಮ ಬಿದ್ದರೆ ಅವಳ ಸಂಸಾರ ನೆಟ್ಟಗಾಗುತ್ತದೆ ಎಂಬುದರಲ್ಲಿ ಅವ್ವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಎಲೆ ಅಡಿಕೆ, ಹಣ್ಣು, ಕಾಯಿಯನ್ನು ಪಟದ ಕೆಳಗೆ ನೆಲದ ಮೇಲಿಟ್ಟು ಅಡ್ಡಬಿದ್ದಳು. ಹಿಂದೆ ಬಂದಿದ್ದ ಪಟ್ಟಣದ ಹುಡುಗಿಯರು ಕಿಸಕ್ಕನೆ ನಕ್ಕರು. ನಾನು ತಿರುಗಿ ನೋಡಿದ ಮೇಲೆ ನಗು ನಿಲ್ಲಿಸಿದರು.

ಕೆಳಗಿನ ಹಜಾರವೆಲ್ಲ ಕೊಲೆಯ ಸಾಮಾನು. ಕತ್ತಿಗಳು, ಈಟಿಗಳು, ಬಾಯಿ ತೆರೆದ ಹುಲಿಯ ತಲೆ. ಒಂದು ಮೊಳೆಗೆ ಚರ್ಮದ ಚಾವಟಿ ನೇತುಹಾಕಿದ್ದರು, ತುದಿ ಸವೆದು ಕಪ್ಪಾಗಿತ್ತು. ಕುದುರೆಯ ಮೈ ಸರಿಯಾಗಿ ಉಜ್ಜಲಿಲ್ಲ ಅಂತ ಯಜಮಾನರು ಒಬ್ಬ ಸಾಯೀಸನಿಗೆ ಇದರಲ್ಲೇ ಹೊಡೆದು, ಅವನು ಹುಲ್ಲಿನ ಮೇಲೆ ಬಿದ್ದವನು ಏಳಲೇ ಇಲ್ಲ ಎಂದು ನೌಕರ ಹೇಳಿದ. ಹೇಳುವಾಗ ಅವನ ಎದೆ ಉಬ್ಬಿತ್ತು, ಹೊಡೆದದ್ದು ತನ್ನ ಅಜ್ಜನೇ ಎನ್ನುವ ಹಾಗೆ. ಜನ ‘ಆಹಾ’ ಎಂದರು. ಹೊಡೆಸಿಕೊಂಡವನು ಯಾರು, ಅವನಿಗೆ ಮಕ್ಕಳಿದ್ದರೇ ಎಂದು ಒಬ್ಬರೂ ಕೇಳಲಿಲ್ಲ. ನಾನು ಕೇಳಿದೆ. ಅವನು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ‘ಅದೆಲ್ಲ ಗೊತ್ತಿಲ್ಲಮ್ಮ’ ಎಂದ. ಭಾವ ಚಾವಟಿಯ ಮುಂದಿನಿಂದ ಅಲ್ಲಾಡಲೇ ಇಲ್ಲ. ‘ಗಂಡ್ಸು ಅಂದ್ರೆ ಇಂಗಿರ್ಬೇಕು ಕಣಮ್ಮಿ’ ಎಂದು ಅಕ್ಕನಿಗೆ ಹೇಳಿ ನಕ್ಕ. ಅಕ್ಕ ನೆಲ ನೋಡುತ್ತಿದ್ದಳು.

ಮರದ ಮೆಟ್ಟಿಲು ಹತ್ತಿ ಮೇಲೆ ಹೋದೆವು. ಅಲ್ಲಿ ಅಮ್ಮನವರ ಕೋಣೆ. ಮಂಚ, ನಿಲುವುಗನ್ನಡಿ, ಕನ್ನಡಿಯ ಮುಂದೆ ಬಾಚಣಿಗೆ, ಬೆಳ್ಳಿಯ ಕುಂಕುಮದ ಭರಣಿ. ಬಾಗಿಲಿಗೆ ಅಡ್ಡವಾಗಿ ಹಗ್ಗ ಕಟ್ಟಿದ್ದರು. ನೌಕರ ಮುಂದೆ ಹೋದದ್ದೇ ತಡ, ಅವ್ವ ಸೀರೆ ಎತ್ತಿ ಕಟ್ಟಿ ಹಗ್ಗ ದಾಟಿದಳು. ಭರಣಿಯ ಮುಚ್ಚಳ ತೆಗೆದಳು. ತಳದಲ್ಲಿ ಒಣಗಿ ಹಕ್ಕಳೆಗಟ್ಟಿದ್ದ ಕುಂಕುಮವನ್ನು ಉಗುರಿನಲ್ಲಿ ಕೆರೆದು, ಎಂಜಲಲ್ಲಿ ಒದ್ದೆ ಮಾಡಿ, ಹಗ್ಗದ ಆಚೆ ನಿಂತಿದ್ದ ಅಕ್ಕನ ಹಣೆಗೆ ಅಗಲವಾಗಿ ಇಟ್ಟಳು. ‘ತಾಯಿ, ನಿಂಗೆ ಬಂದ ಭಾಗ್ಯ ನನ್ ಮಗ್ಳಿಗೂ ಬರ್ಲಿ’ ಎಂದಳು. ನನ್ನ ಅವ್ವ ಕೆಟ್ಟವಳಲ್ಲ. ಮಗಳನ್ನು ಹುಲಿಯ ಬಾಯಿಗೆ ಕಳಿಸುವಾಗ ತನಗೆ ಗೊತ್ತಿದ್ದ ಒಂದೇ ಔಷಧವನ್ನು ಕದ್ದಾದರೂ ಹಾಕಿ ಕಳಿಸುತ್ತಿದ್ದಳು.

ಕೋಣೆಯ ಪಕ್ಕದಲ್ಲಿ ಹಿಂದಿನ ಅಡುಗೆಮನೆಗೆ ಇಳಿಯುವ ಕಡಿದಾದ ಮೆಟ್ಟಿಲಿತ್ತು. ನೌಕರ ಅದರ ತುದಿಯಲ್ಲಿ ನಿಂತು ಜನರಿಗೆ ವಿವರಿಸುತ್ತಿದ್ದ. ನಾವು ಹೋಗಿ ಸೇರಿಕೊಂಡೆವು.

‘ಯಜಮಾನರಿಗೆ ಸಿಟ್ಟು ಬಂದರೆ ಎದುರಿಗೆ ಯಾರಿದ್ದಾರೆ ಅಂತ ನೋಡುತ್ತಿರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ತುಪ್ಪ ತರುವುದು ತಡವಾಯಿತು. ಎದ್ದು ಬಂದವರೇ ಇದೇ ಮೆಟ್ಟಿಲಿಂದ ಒದ್ದರಂತೆ. ನೋಡಿ, ಆ ಕೆಳಗಿನ ಕಲ್ಲು.’

‘ಯಾರ್ನ ಒದ್ದಿದ್ದು ಸಾ?’ ಅವ್ವ ಕೇಳಿದಳು. ಅಡುಗೆಯವನನ್ನೋ ಆಳನ್ನೋ ಇರಬೇಕೆಂದು ಅವಳು ಅಂದುಕೊಂಡಿದ್ದಳು.

‘ಅಮ್ಮನವರನ್ನೇ.’

‘ಆಮ್ಯಾಕೆ?’

‘ಆಮೇಲೇನಮ್ಮ, ತಲೆ ಒಡೆಯಿತು. ಅದರಲ್ಲೇ ಹೋದರು. ಆದರೆ ಯಜಮಾನರು ಎಂಥ ಸಂಸ್ಕಾರ ಮಾಡಿಸಿದರು ಅಂತೀರಿ! ಹಸಿರು ರೇಷ್ಮೆ ಸೀರೆ, ಮೈ ತುಂಬ ಒಡವೆ. ಇಡೀ ಪೇಟೆಯ ಹೆಂಗಸರು ಬಂದು ಪಾದ ಮುಟ್ಟಿ ಹೋದರು. ಮುತ್ತೈದೆ ಸಾವು ಅಂದರೆ ಅದು.’

ಇಷ್ಟನ್ನೂ ಅವನು ಒಂದೇ ಉಸಿರಿಗೆ, ಒಂದೇ ಧಾಟಿಯಲ್ಲಿ ಹೇಳಿದ. ಒದ್ದದ್ದಕ್ಕೂ ಪುಣ್ಯಕ್ಕೂ ನಡುವೆ ಒಂದು ಉಸಿರಾದರೂ ಬಿಡಲಿಲ್ಲ. ಜನ ಬಗ್ಗಿ ಆ ಕಲ್ಲು ನೋಡಿದರು. ಯಾರೋ ‘ಸಿಟ್ಟಿನಲ್ಲಿ ಕೊಯ್ದ ಮೂಗು’ ಎಂದು ಗಾದೆ ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ಅವ್ವನ ಉಗುರಿನಲ್ಲಿ ಇನ್ನೂ ಕುಂಕುಮದ ಚೂರಿತ್ತು.

ಅಕ್ಕ ಸೆರಗಿನ ತುದಿಯನ್ನು ಹಣೆಗೆ ಒತ್ತಿ ಒರೆಸಿಕೊಂಡಳು. ಒಂದು ಸಲಕ್ಕೆ ಹೋಗಲಿಲ್ಲ. ಎಂಜಲು ಹಚ್ಚಿಕೊಂಡು ಉಜ್ಜಿ ಉಜ್ಜಿ, ಬೆಳಿಗ್ಗೆ ತಾನೇ ಇಟ್ಟುಕೊಂಡಿದ್ದ ಕುಂಕುಮವೂ ಸೇರಿ ಹೋಗುವ ತನಕ ಒರೆಸಿದಳು. ಗಂಡ ಎದುರಿಗೆ ಕಲ್ಲುಗುಂಡಿನ ಹಾಗೆ ನಿಂತಿರುವಾಗ ಹೆಂಡತಿ ಹಣೆ ಬೋಳು ಮಾಡಿಕೊಳ್ಳುವುದೆಂದರೆ ನೀನು ಸತ್ತೆ ಎಂದು ಹೇಳಿದ ಹಾಗೆ. ನಮ್ಮೂರಿನಲ್ಲಿ ಅಂಥದ್ದನ್ನು ನಾನು ಕಂಡಿಲ್ಲ, ಕೇಳಿಲ್ಲ. ‘ನಂಗೆ ಈ ಭಾಗ್ಯ ಬ್ಯಾಡ ಕಣವ್ವ’ ಎಂದಳು.

ಭಾವ ಅವಳ ತುರುಬಿಗೇ ಕೈ ಹಾಕಿದ. ‘ನಾನಿನ್ನೂ ಬದ್ಕಿವ್ನಿ ಕಣೇ ಮುಂಡೆ!’ ಎನ್ನುತ್ತ ಅವಳ ಮುಖವನ್ನು ಗೋಡೆಗೆ ಬಡಿದ. ಮೂಗಿನಿಂದ ರಕ್ತ ಚಿಮ್ಮಿ ಬಿಳಿಯ ಸುಣ್ಣದ ಗೋಡೆಗೆ ಬಿತ್ತು. ಎರಡನೆಯ ಸಲ ಬಡಿಯುವಷ್ಟರಲ್ಲಿ ನಾನು ಅವನ ಮುಂಗೈಗೆ ಬಾಯಿ ಹಾಕಿದ್ದೆ. ಹಲ್ಲಿಗೆ ಹಲ್ಲು ತಾಗುವ ತನಕ ಕಚ್ಚಿದೆ. ಅವನು ಮೊಣಕೈಯಿಂದ ನನ್ನ ಎದೆಗೆ ಗುದ್ದಿದ, ನಾನು ಬಿಡಲಿಲ್ಲ. ಪಟ್ಟಣದವರು ಚೀರಿಕೊಂಡು ಹಿಂದೆ ಸರಿದರು. ಅಕ್ಕನ ಒಂದು ಕಾಲು ಆಗಲೇ ಮೆಟ್ಟಿಲ ಅಂಚಿನಿಂದ ಜಾರಿ ಗಾಳಿಯಲ್ಲಿತ್ತು. ಅವಳು ಕಂಬಿ ಹಿಡಿದು ನೇತಾಡುತ್ತಿದ್ದಳು.

ಆಗ ಅವ್ವ ಹೊಡೆದಳು. ಅಳಿಯನ ಎದುರು ಸೆರಗು ಹೊದ್ದು, ಬಾಗಿಲ ಮರೆಯಲ್ಲಿ ನಿಂತು, ‘ಅಳಿಯಂದ್ರು ಉಂಡ್ರಾ’ ಎಂದು ಇನ್ನೊಬ್ಬರ ಕೈಲಿ ಕೇಳಿಸುತ್ತಿದ್ದ ನನ್ನ ಅವ್ವ, ಅಳಿಯನ ಅಂಗಿ ಹಿಡಿದೆಳೆದು, ಕೆನ್ನೆಗೆ ಎಡಕ್ಕೂ ಬಲಕ್ಕೂ ಬಾರಿಸಿದಳು. ‘ಬುಡ್ಲಾ! ನನ್ ಮಗ್ಳನ್ನ ಬುಡ್ಲಾ!’ ಎಂದು ಏಕವಚನದಲ್ಲಿ ಅರಚಿದಳು. ಭಾವ ತಬ್ಬಿಬ್ಬಾಗಿ ತುರುಬು ಬಿಟ್ಟ. ನಾನು ಅಕ್ಕನ ನಡು ಹಿಡಿದು ಒಳಕ್ಕೆ ಎಳೆದುಕೊಂಡೆ.

ಅಷ್ಟು ಹೊತ್ತೂ ಸುಮ್ಮನಿದ್ದ ಅಪ್ಪ ಈಗ ಮುಂದೆ ಬಂದ. ಬಂದವನು ಅಳಿಯನನ್ನು ಹೊಡೆಯಲಿಲ್ಲ. ಅವ್ವನನ್ನು ಹೊಡೆದ. ‘ಅಳೀನ ಮ್ಯಾಲೆ ಕೈ ಮಾಡ್ತೀಯಾ, ಮಾನಗೆಟ್ಟೋಳೇ!’ ಆ ಏಟಿಗೆ ಅವ್ವ ಮೆಟ್ಟಿಲ ತುದಿಗೆ ಹೋಗಿ ಬಿದ್ದಳು. ಅಪ್ಪ ಮತ್ತೆ ಕೈ ಎತ್ತಿದ.

ಅಕ್ಕ ಮೂಗಿನ ರಕ್ತ ಒರೆಸಿಕೊಳ್ಳಲಿಲ್ಲ. ಅದು ಬಾಯೊಳಕ್ಕೆ ಇಳಿಯುತ್ತಿರುವಾಗಲೇ ಹೇಳಿದಳು.

‘ಕೈ ಯಾಕಪ್ಪ, ಕಾಲಲ್ಲಿ ಒದಿ. ಮೆಟ್ಲು ಇಲ್ಲೇ ಅದೆ. ಅವ್ವನ್ನ ನೀನು ಒದಿ, ನನ್ನ ಅವ್ನು ಒದೀಲಿ. ಇಬ್ರೂ ಮುತ್ತೈದೇರಾಗೇ ಓಯ್ತೀವಿ.’

ಅವಳು ಕೂಗಲಿಲ್ಲ. ಕರುವಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು. ಅಪ್ಪ ಕೆಳಗಿನ ಕಲ್ಲು ನೋಡಿದ, ಬಿದ್ದಿದ್ದ ಅವ್ವನನ್ನು ನೋಡಿದ. ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಅದರಲ್ಲೇ ಮುಖ ಉಜ್ಜಿಕೊಂಡ. ಆಮೇಲೆ ಭಾವನ ಕಡೆ ತಿರುಗಿ, ‘ನೀನು ಓಗಪ್ಪ’ ಎಂದ. ಅಷ್ಟೇ.

ಖಾಕಿಯವರು ಮೂರ್ನಾಲ್ಕು ಜನ ಓಡಿ ಬಂದು ನಮ್ಮನ್ನೆಲ್ಲ ಕೆಳಕ್ಕೆ ದಬ್ಬಿದರು. ‘ಇದೇನು ನಿಮ್ಮ ಹಟ್ಟಿ ಅಂದ್ಕೊಂಡಿದ್ದೀರಾ? ಇದು ಮರ್ಯಾದಸ್ಥರಿದ್ದ ಮನೆ!’ ಎಂದು ಆ ವಿವರಣೆಯವನು ಬೈದ. ನನಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ, ಎದೆ ನೋಯುತ್ತಿತ್ತು, ಆದರೂ ನಕ್ಕೆ. ಗೇಟಿನ ಹೊರಗೆ ಭಾವ ಕಚ್ಚಿಸಿಕೊಂಡ ಕೈಗೆ ಕರವಸ್ತ್ರ ಸುತ್ತಿಕೊಳ್ಳುತ್ತ, ‘ಇವ್ಳಲ್ದಿದ್ರೆ ಇವ್ಳಪ್ಪನಂತೋಳ್ನ ತತ್ತೀನಿ, ನೋಡ್ತಿರಿ’ ಎಂದು ಹೇಳಿ ಹೋದ.

ಅಕ್ಕ ನಮ್ಮ ಬಸ್ಸು ಹತ್ತಿದಳು. ಅಪ್ಪ ಬದಲಾದ ಎಂದು ಬರೆದರೆ ಸುಳ್ಳಾಗುತ್ತದೆ. ಎತ್ತಿದ ಕೈ ಅರ್ಧಕ್ಕೆ ನಿಂತದ್ದನ್ನು ಆಮೇಲೆ ಕೆಲವು ಸಲ ನೋಡಿದೆ, ನಿಲ್ಲದೆ ಬಿದ್ದದ್ದನ್ನೂ ನೋಡಿದೆ. ಆದರೆ ಅಕ್ಕನನ್ನು ಕಳಿಸುವ ಮಾತು ಅವನ ಬಾಯಲ್ಲಿ ಮತ್ತೆ ಬರಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ಬುದ್ಧಿ ಹೇಳಲು ಬಂದ ಹಿರಿಯನನ್ನು ಅವ್ವ ಪೊರಕೆ ಹಿಡಿದು ಜಗಲಿಯಿಂದ ಇಳಿಸಿದಳು.

ಭಾವ ಹೇಳಿದ ಹಾಗೇ ಮಾಡಿದ. ಒಬ್ಬಳಿರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳಬಾರದು ಎಂಬ ಕಾನೂನು ದೇಶಕ್ಕೆ ಬಂದಿತ್ತು, ಅವನ ಹಳ್ಳಿಗೆ ಬಂದಿರಲಿಲ್ಲ. ಅಪ್ಪನಿಲ್ಲದ ಒಂದು ಹುಡುಗಿಯನ್ನು ತಂದ. ಕೆಲವು ವರ್ಷಗಳ ಮೇಲೆ, ನಾನು ಮೇಷ್ಟ್ರ ಕೆಲಸಕ್ಕೆ ಸೇರಿದ ಮೇಲೆ, ಆ ಹುಡುಗಿ ಅಟ್ಟದಿಂದ ಬಿದ್ದು ಸತ್ತಳೆಂದು ಸುದ್ದಿ ಬಂತು. ಅಕ್ಕ ಸುದ್ದಿ ತಂದವನಿಗೆ ನೀರು ಕೊಟ್ಟು, ಸೀರೆ ಬದಲಿಸಿ ಹೊರಟಳು. ಬೇಡವೆಂದರೂ ಕೇಳಲಿಲ್ಲ. ನಾನೂ ಜೊತೆಗೆ ಹೋದೆ.

ಹೆಣವನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ಹಸಿರು ಸೀರೆ, ಹೂವಿನ ದಂಡೆ, ಹಣೆ ತುಂಬ ಕುಂಕುಮ. ಊರಿನ ಹೆಂಗಸರು ಸಾಲಾಗಿ ಬಂದು ಆ ಹಣೆ ಮುಟ್ಟಿ, ತಮ್ಮ ಹಣೆಗೆ ಇಟ್ಟುಕೊಳ್ಳುತ್ತಿದ್ದರು. ಭಾವ ಕಂಬಕ್ಕೆ ಒರಗಿ ಅಳುತ್ತಿದ್ದ. ಅಳು ನಿಜವಾದದ್ದೇ ಇರಬೇಕು, ಅದನ್ನು ನೋಡಿ ನನಗೆ ಇನ್ನಷ್ಟು ಮೈ ಉರಿಯಿತು. ಒಬ್ಬ ಮುದುಕಿ ಅಕ್ಕನ ಗುರುತು ಹಿಡಿದು, ‘ಪುಣ್ಯವಂತೆ ಕಣವ್ವ, ನಿನ್ ಸವತಿ. ಬಾ, ನೀನೂ ಒಂದ್ ಬೊಟ್ಟು ಇಕ್ಕೊ’ ಎಂದಳು.

ಅಕ್ಕ ಕುಂಕುಮದ ತಟ್ಟೆ ತೆಗೆದುಕೊಂಡಳು. ಅದನ್ನು ಅಂಗಳದ ಸಗಣಿಗುಂಡಿಗೆ ಎಸೆದಳು. ‘ಇದು ಪುಣ್ಯ ಅಲ್ಲ ಕಣ್ರವ್ವ, ಕೊಲೆ. ಇವ್ನು ಕೊಂದವ್ನೆ. ಪೋಲೀಸ್ನೋರ್ನ ಕರೀರಿ’ ಎಂದಳು.

ಅವಳ ಮೇಲೆ ಬಿದ್ದವರು ಗಂಡಸರಲ್ಲ. ಹಣೆಗೆ ಇನ್ನೂ ಕುಂಕುಮ ಸಿಗದೆ ಸಾಲಿನಲ್ಲಿ ಉಳಿದಿದ್ದ ಹೆಂಗಸರು. ಕೂದಲು ಹಿಡಿದರು, ಕೆನ್ನೆ ಪರಚಿದರು, ಬೆನ್ನಿಗೆ ಗುದ್ದಿದರು. ನಾನು ಕೈಗೆ ಸಿಕ್ಕಿದವರಿಗೆಲ್ಲ ಹೊಡೆದೆ, ಹೊಡೆಸಿಕೊಂಡೆ. ಅಕ್ಕನ ರವಿಕೆಯ ತೋಳು ಹರಿದಿತ್ತು. ಬೀದಿಯ ತುದಿಯವರೆಗೂ ಅಟ್ಟಿಸಿಕೊಂಡು ಬಂದರು. ಅರಕಲಗೂಡಿನ ಪೊಲೀಸ್ ಠಾಣೆಗೆ ಹೋಗಿ ನಾನೇ ಹೇಳಿದೆ. ಹೆಣ ಎಲ್ಲಿದೆ ಎಂದು ಕೇಳಿದರು. ಅಷ್ಟರಲ್ಲಿ ಸುಟ್ಟಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ಕೆನ್ನೆಯ ಗೀರುಗಳಲ್ಲಿ ರಕ್ತ ಒಣಗಿತ್ತು. ಹೊರಗೆ ನೋಡುತ್ತಲೇ ಕೇಳಿದಳು.

‘ಅವತ್ತು ಬೆಂಗ್ಳೂರಿಂದ ನಾನು ಅವನ್ ಜೊತೆ ಓಗಿದ್ದಿದ್ರೆ ಈ ಉಡ್ಗಿ ಬದುಕ್ತಿದ್ಲು, ಅಲ್ವೇನೇ?’

ನನ್ನ ಬಾಯಿ ಯಾವುದಕ್ಕೂ ಸೋತದ್ದಲ್ಲ. ಆದರೆ ಅಕ್ಕನ ಹತ್ತಿರ ಸುಳ್ಳು ಹೇಳಲು ಆಗಲಿಲ್ಲ. ಹೂಂ ಎಂದೆ.

ಅವಳು ತಲೆಯಾಡಿಸಿದಳು. ಹರಿದ ತೋಳನ್ನು ಸೆರಗಿನಿಂದ ಮುಚ್ಚಿಕೊಂಡಳು.

‘ಗೊತ್ತಿದ್ರೂ ನಾನು ಓಯ್ತಿರ್ಲಿಲ್ಲ ಕಣೇ’ ಎಂದಳು.